ನಾವು ಆರಿಸಿಕೊಳ್ಳದ ಪಾಠ

ಪ್ರತಿದಿನವೂ ಶಾಸ್ತ್ರದ ಒಂದು ಭಾಗವನ್ನು ಓದಿ, ಓದಿದುದನ್ನು ಮನನಮಾಡಿ, ಆ ಮನನದಿಂದ ಮೂಡಿದ ಮಾತನ್ನೇ ದೇವರ ಮುಂದಿಟ್ಟು ಪ್ರಾರ್ಥಿಸುವುದು ಕ್ರೈಸ್ತರಲ್ಲಿ ಬಹು ಹಿಂದಿನಿಂದ ನಡೆದುಬಂದ ಪದ್ಧತಿ. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಮಠದ ಗೀಗೋ ಎಂಬ ಸಂನ್ಯಾಸಿ ಇದನ್ನು ಒಂದು ಏಣಿಗೆ ಹೋಲಿಸಿ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು: ಪಠನ, ಮನನ, ಪ್ರಾರ್ಥನೆ, ಧ್ಯಾನ. ಶ್ರವಣ ಮನನ ನಿದಿಧ್ಯಾಸನಗಳ ಕ್ರಮವನ್ನು ಕೇಳಿ ಬಲ್ಲ ನಮ್ಮ ನಾಡಿನವರಿಗೆ ಇದರಲ್ಲಿ ಅಪರಿಚಿತವೆನ್ನುವಂಥದು ಹೆಚ್ಚೇನೂ ಇಲ್ಲ. ಮೆಟ್ಟಿಲುಗಳ ವಿಷಯದಲ್ಲಿ ನನಗೆ ಯಾರೊಡನೆಯೂ ಜಗಳವಿಲ್ಲ. ನನ್ನ ಪ್ರಶ್ನೆ ಮೊದಲನೆಯ ಮೆಟ್ಟಿಲಿಗಿಂತ ಮುಂಚಿನದು. ಇಂದು ಓದತಕ್ಕ ಭಾಗ ಯಾವುದೆಂದು ನಿಶ್ಚಯಿಸುವವರು ಯಾರು? ಓದುವವನೇ? ಅಥವಾ ಅವನ ಇಷ್ಟಾನಿಷ್ಟಗಳನ್ನು ಲೆಕ್ಕಕ್ಕೆ ತಾರದ ಒಂದು ಕ್ರಮವೇ?

ಈ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಬೆಳಿಗ್ಗೆ ಎದ್ದು ಕೈಯ ಫೋನನ್ನು ನೋಡಿದರೆ ಸೂರ್ಯೋದಯದ ಚಿತ್ರವೊಂದರ ಮೇಲೆ ದಿನದ ವಾಕ್ಯ ಬಂದು ಕುಳಿತಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ವಾಗ್ದಾನ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯ ಚೀಟಿಗಳಲ್ಲಿ ಒಂದನ್ನು ಎತ್ತಿ, ಹೊಸ ವರ್ಷಕ್ಕೆ ತನ್ನ ಪಾಲಿಗೆ ಬಂದ ವಾಗ್ದಾನವೆಂದು ಅದನ್ನು ಪುಸ್ತಕದೊಳಗೆ ಇಟ್ಟುಕೊಳ್ಳುವ ರೂಢಿಯೂ ನಮ್ಮ ಅನೇಕ ಸಭೆಗಳಲ್ಲಿದೆ. ಇವುಗಳಲ್ಲಿ ಭಕ್ತಿಯಿಲ್ಲವೆಂದು ನಾನು ಹೇಳೆನು. ಆದರೆ ಆ ತಟ್ಟೆಯಲ್ಲಿ ಯಾವ ಚೀಟಿಗಳು ಇರುವುದಿಲ್ಲ ಎಂಬುದನ್ನು ಒಮ್ಮೆ ಯೋಚಿಸಿ ನೋಡಬೇಕು. ಯೋಬನು ತಾನು ಹುಟ್ಟಿದ ದಿನವನ್ನು ಶಪಿಸಿದ ಮಾತು ಅಲ್ಲಿ ಇರುವುದಿಲ್ಲ. ಬಡವರನ್ನು ತುಳಿದು ಕಳ್ಳ ತಕ್ಕಡಿಯಲ್ಲಿ ತೂಗುವ ವರ್ತಕರಿಗೆ ಆಮೋಸನು ಕೊಟ್ಟ ಎಚ್ಚರಿಕೆ ಇರುವುದಿಲ್ಲ. ಐಶ್ವರ್ಯವಂತನು ಪರಲೋಕರಾಜ್ಯವನ್ನು ಸೇರುವುದು ಎಷ್ಟು ಕಷ್ಟವೆಂದು ಯೇಸು ಹೇಳಿದ ಮಾತಂತೂ ಇರುವುದೇ ಇಲ್ಲ. ಇದ್ದಿದ್ದರೆ ಅದು ಸಭೆಯ ಯಾವ ಹಿರಿಯರ ಕೈಗೆ ಬರುತ್ತಿತ್ತೋ!

ಇರುವ ಚೀಟಿಗಳ ಗತಿಯೂ ಅಷ್ಟೇನೂ ನೆಟ್ಟಗಿಲ್ಲ. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ ಇಂದು ಲೋಕದಲ್ಲೆಲ್ಲ ಬಹು ಜನಪ್ರಿಯವಾದುದು. ದೇವರು ತನ್ನ ಜನರ ವಿಷಯದಲ್ಲಿ ಕೇಡಿನ ಯೋಚನೆಯನ್ನಲ್ಲದೆ ಹಿತದ ಯೋಚನೆಯನ್ನೇ ಮಾಡಿದ್ದಾನೆ, ಅವರಿಗೆ ನಿರೀಕ್ಷೆಯುಂಟು ಎಂಬುದು ಅದರ ಭಾವ. ಪರೀಕ್ಷೆಗೆ ಹೋಗುವ ಮಗನಿಗೆ, ಹೊಸದಾಗಿ ಕೆಲಸ ಹಿಡಿದ ಮಗಳಿಗೆ ಇದನ್ನು ಬರೆದು ಕೊಡುತ್ತಾರೆ. ಮೂಲದಲ್ಲಿ ಅದು ಒಂದು ಕಾಗದದ ನಡುವಣ ಮಾತು. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದ ಕಾಗದ. ಬೇಗ ಬಿಡುಗಡೆಯಾಗುತ್ತದೆಂದು ಹೇಳುವವರ ಮಾತನ್ನು ನಂಬಬೇಡಿ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಎಪ್ಪತ್ತು ವರ್ಷ ತುಂಬಿದ ಮೇಲೆ ಹಿಂದಿರುಗುವ ಮಾತು ಎಂಬುದು ಅದರ ಒಕ್ಕಣೆ. ಅಂದರೆ ಆ ಕಾಗದವನ್ನು ಓದಿಸಿ ಕೇಳಿದ ವಯಸ್ಕರಲ್ಲಿ ಬಹುಮಂದಿ ತಮ್ಮ ಊರನ್ನು ಮತ್ತೆ ನೋಡದೆಯೇ ಸಾಯತಕ್ಕವರು. 10ನೆಯ ವಚನವನ್ನು ಕತ್ತರಿಸಿ 11ನ್ನು ಮಾತ್ರ ಕೈಗೆ ಕೊಟ್ಟರೆ ಸಮಾಧಾನವೇನೋ ದೊರೆಯುತ್ತದೆ. ಯೆರೆಮೀಯನು ಕೊಟ್ಟ ಸಮಾಧಾನ ಅದಲ್ಲ. ಅವನದು ಹೆಚ್ಚು ಗಟ್ಟಿಯಾದುದು, ಹೆಚ್ಚು ಬೆಲೆಯನ್ನು ಕೇಳುವಂಥದು.

ಹಿಂದಿನವರು ಈ ಆಯ್ಕೆಯನ್ನು ಓದುವವನ ಕೈಗೆ ಬಿಡಲಿಲ್ಲ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠದ ನಿಯಮಾವಳಿಯಲ್ಲಿ 150 ಕೀರ್ತನೆಗಳೂ ವಾರಕ್ಕೊಮ್ಮೆ ಮುಗಿಯಬೇಕೆಂದು ವಿಧಿಸಿದನು. ಯಾವ ಹೊತ್ತಿಗೆ ಯಾವ ಕೀರ್ತನೆ ಎಂದು ವಿಸ್ತಾರವಾಗಿ ಹೇಳಿದ ಮೇಲೆ ಆತನು ಸೇರಿಸಿದ ಮಾತು ನನಗೆ ಬಹಳ ಪ್ರಿಯವಾದುದು. ಈ ಹಂಚಿಕೆ ಒಪ್ಪಿಗೆಯಾಗದವನು ಬೇರೆ ವಿಧವಾಗಿ ಹಂಚಿಕೊಳ್ಳಲಿ, ಆದರೆ ವಾರದಲ್ಲಿ ಒಂದೂ ಬಿಟ್ಟುಹೋಗದಿರಲಿ ಎನ್ನುತ್ತಾನೆ. ಹಿರಿಯರು ಒಂದೇ ದಿನದಲ್ಲಿ ಮಾಡುತ್ತಿದ್ದುದನ್ನು ಸೋಮಾರಿಗಳಾದ ನಾವು ವಾರದಲ್ಲಾದರೂ ಮಾಡಿ ಮುಗಿಸೋಣ ಎಂಬ ಚುಚ್ಚುಮಾತೂ ಅಲ್ಲಿಯೇ ಇದೆ. ಮಠದಲ್ಲಿ ಇಲ್ಲದ ಗೃಹಸ್ಥರಿಗೆ ಅನುಕೂಲವಾಗುವಂತೆ ಇದನ್ನು ಸಡಿಲಿಸಿದವನು ಇಂಗ್ಲೆಂಡಿನ ಆರ್ಚ್‌ಬಿಷಪ್ ಕ್ರಾನ್ಮರ್. 1549ರಲ್ಲಿ ಹೊರಟ ಸಾಮಾನ್ಯ ಪ್ರಾರ್ಥನಾಗ್ರಂಥದಲ್ಲಿ ಅವನು ಕೀರ್ತನೆಗಳನ್ನು ತಿಂಗಳ ಮೂವತ್ತು ದಿನಗಳ ಬೆಳಿಗ್ಗೆ ಸಂಜೆಗಳಿಗೆ ಹಂಚಿದನು. ಹಳೆಯ ಒಡಂಬಡಿಕೆಯ ಬಹುಭಾಗ ವರ್ಷಕ್ಕೊಮ್ಮೆ, ಹೊಸ ಒಡಂಬಡಿಕೆ ವರ್ಷಕ್ಕೆ ಮೂರು ಬಾರಿ ಮುಗಿಯುವಂತೆ ಪಟ್ಟಿ ಮಾಡಿದನು. ಗ್ರಂಥಗಳನ್ನು ಆರಂಭಿಸಿ ಅರ್ಧಕ್ಕೇ ಕೈಬಿಡುವುದು ರೂಢಿಯಾಗಿಹೋಗಿದೆ, ಹಳೆಯ ನಿಯಮಗಳು ಎಷ್ಟು ಜಟಿಲವೆಂದರೆ ಓದುವುದಕ್ಕಿಂತ ಓದಬೇಕಾದುದನ್ನು ಹುಡುಕುವುದೇ ದೊಡ್ಡ ಕೆಲಸವಾಗಿದೆ ಎಂಬುದು ಅವನ ಮುನ್ನುಡಿಯ ದೂರು. ರೋಮನ್ ಸಭೆಯವರು ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ 1969ರಲ್ಲಿ ಹೊಸ ಪಾಠಕ್ರಮವನ್ನು ಏರ್ಪಡಿಸಿ, ಭಾನುವಾರಗಳಿಗೆ ಮೂರು ವರ್ಷದ, ವಾರದ ದಿನಗಳಿಗೆ ಎರಡು ವರ್ಷದ ಆವರ್ತವನ್ನು ಇಟ್ಟರು. ಮಂಗಳೂರಿನಲ್ಲಿ ಇಂದು ಬೆಳಿಗ್ಗೆ ಓದಿದ ಸುವಾರ್ತೆಯನ್ನೇ ಮನಿಲಾದಲ್ಲಿಯೂ ಓದಿರುತ್ತಾರೆ.

ಭಾಗವತ ಸಪ್ತಾಹ, ರಾಮಾಯಣದ ನವಾಹ ಪಾರಾಯಣಗಳನ್ನು ಕಂಡ ಕನ್ನಡಿಗರಿಗೆ ಈ ಕಟ್ಟುಪಾಡಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀತಾಪರಿತ್ಯಾಗ ಕೇಳುವುದಕ್ಕೆ ಕಷ್ಟವೆಂದು ಪಾರಾಯಣಕ್ಕೆ ಕುಳಿತವನು ನಡುವೆ ಹಾಳೆಗಳನ್ನು ಹಾರಿಸುವುದಿಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ತೊಡಗಿ ಬೈಬಲನ್ನು ಕನ್ನಡಕ್ಕೆ ತಂದವರು ಈ ನೆಂಟಸ್ತಿಕೆಯನ್ನು ಬಲ್ಲವರೇ ಆಗಿದ್ದರೆಂದು ನನಗೆ ತೋರುತ್ತದೆ. ನಮ್ಮ ಸತ್ಯವೇದದ ಮೊದಲ ಗ್ರಂಥ ಆದಿಕಾಂಡ. ಇಸ್ರಾಯೇಲ್ಯರು ಅಡವಿಯಲ್ಲಿ ಅಲೆದ ಕಥೆಗೆ ಹೆಸರು ಅರಣ್ಯಕಾಂಡ. ದಾವೀದನ ಹಾಡುಗಳಿಗೆ ದಾಸರ ಕೀರ್ತನೆಗಳ ಹೆಸರೇ. ವಾಲ್ಮೀಕಿಯ ಅರಣ್ಯಕಾಂಡವನ್ನು ಹುಡುಕಿಕೊಂಡು ಬಂದವನು ಇಲ್ಲಿಯ ಜನಗಣತಿಯ ಪಟ್ಟಿಗಳನ್ನು ಕಂಡು ಹಿಂಜರಿದರೆ ಆಶ್ಚರ್ಯವಿಲ್ಲ. ಜನವರಿ ಒಂದರಂದು ಸತ್ಯವೇದವನ್ನೆಲ್ಲ ಓದುತ್ತೇನೆಂದು ಸಂಕಲ್ಪ ಮಾಡಿದ ಎಷ್ಟೋ ಮಂದಿ ಯಾಜಕಕಾಂಡದ ಹೋಮವಿಧಿಗಳ ನಡುವೆ, ಫೆಬ್ರವರಿಯಲ್ಲಿಯೇ ಕಣ್ಮರೆಯಾಗುತ್ತಾರೆ. ಸ್ಕಾಟ್ಲೆಂಡಿನ ಡಂಡಿಯ ಯುವಕ ಪಾದ್ರಿ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟ ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಕಡೆಯಿಂದ ನಾಲ್ಕು ಅಧ್ಯಾಯ ಬರುತ್ತವೆ. ಮರುಭೂಮಿಯನ್ನು ದಾಟುವವನಿಗೆ ಪಕ್ಕದಲ್ಲಿ ಒಂದು ಹೊಳೆಯೂ ಇರಲೆಂಬ ಯುಕ್ತಿಯಿರಬಹುದು.

ಕ್ರಮವೆಂದರೆ ಯಾಂತ್ರಿಕ, ದೇವರು ಮನುಷ್ಯನೊಡನೆ ಮಾತಾಡುವುದು ಪಟ್ಟಿಯ ಪ್ರಕಾರವೇ ಎಂದು ಕೇಳುವವರುಂಟು. ಅವರು ಸಾಮಾನ್ಯವಾಗಿ ಎತ್ತುವ ನಿದರ್ಶನ ಸಂತ ಅಗಸ್ಟೀನನದು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನು ಮನಸ್ಸು ಒಡೆದು ಅಳುತ್ತಿದ್ದಾಗ, ತೆಗೆದು ಓದು ಎಂಬರ್ಥದ ಮಗುವಿನ ದನಿ ಕೇಳಿಸಿತು. ಪೌಲನ ಪತ್ರಗಳ ಪುಸ್ತಕವನ್ನು ತೆರೆದು ಕಣ್ಣಿಗೆ ಬಿದ್ದ ವಾಕ್ಯವನ್ನು ಓದಿದನು. ಅವನ ಬಾಳು ಬದಲಾಯಿತು. ನಿಜ. ಆದರೆ ಆ ಗಳಿಗೆಯಲ್ಲಿ ತನಗೆ ನೆನಪಾದದ್ದು ಈಜಿಪ್ತಿನ ಆಂಟನಿಯ ಕಥೆಯೆಂದು ಅಗಸ್ಟೀನನೇ ಬರೆದಿದ್ದಾನೆ. ಆಂಟನಿ ಪುಸ್ತಕವನ್ನು ಬಿಚ್ಚಿ ಶಕುನ ನೋಡಲಿಲ್ಲ. ಅವನು ದೇವಾಲಯದೊಳಗೆ ಕಾಲಿಟ್ಟಾಗ ಸುವಾರ್ತೆಯನ್ನು ಓದುತ್ತಿದ್ದರು. ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಭಾವದ ಮಾತು ಅವನ ಕಿವಿಗೆ ಬಿತ್ತು. ಅವನಿಗಾಗಿ ಯಾರೂ ಆರಿಸಿರಲಿಲ್ಲ. ಅದೇ ಮಾತನ್ನು ಅಲ್ಲಿ ಕುಳಿತಿದ್ದ ಉಳಿದವರೂ ಕೇಳಿದರು, ಕೇಳಿ ಮನೆಗೆ ಹೋದರು. ಆಂಟನಿ ಹೊಲಮನೆಗಳನ್ನು ಬಿಟ್ಟು ಮರುಭೂಮಿಗೆ ನಡೆದನು. ಯಾಂತ್ರಿಕವೆಂದು ನಾವು ಹೀಗಳೆಯುವ ಪಾಠದ ಕೆಲಸ ಇಂಥದು.

ಅಗಸ್ಟೀನನ ಮಾರ್ಗಕ್ಕೂ ಆಂಟನಿಯ ಮಾರ್ಗಕ್ಕೂ ನಡುವೆ ಒಂದು ಮೂರನೆಯದಿದೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಮೊರೇವಿಯನ್ ಭಕ್ತರಿಗೆ ಕೌಂಟ್ ಜಿಂಜೆಂಡಾರ್ಫ್ 1728ರ ಮೇ 3ರಂದು ಮರುದಿನಕ್ಕಾಗಿ ಒಂದು ವಾಕ್ಯವನ್ನು ಕೊಟ್ಟನು. 1731ರಿಂದ ಅಂಥ ದಿನವಾಕ್ಯಗಳ ಪುಸ್ತಕ ಪ್ರತಿವರ್ಷವೂ ಅಚ್ಚಾಗುತ್ತ ಬಂದಿದೆ. ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರಡುತ್ತದೆ. ಹಳೆಯ ಒಡಂಬಡಿಕೆಯ ಸುಮಾರು 1,800 ವಚನಗಳ ಸಂಗ್ರಹದಿಂದ ದಿನಕ್ಕೊಂದನ್ನು ಚೀಟಿ ಹಾಕಿ ಎತ್ತುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಬಲ್ಲವರು ಆರಿಸುತ್ತಾರೆ. ಚೀಟಿಯೆತ್ತುವುದು ನಡೆಯುವುದು ಕೆಲವು ವರ್ಷ ಮುಂಚೆ. ಆದುದರಿಂದ ಆ ದಿನ ಲೋಕದಲ್ಲಿ ಏನು ನಡೆದೀತೆಂದು ಊಹಿಸಿ ವಾಕ್ಯವನ್ನು ಕೊಡುವ ಮಾತೇ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರೂ ಇದಕ್ಕೆ ಹತ್ತಿರದ ಜರ್ಮನ್ ಭಕ್ತಿಪಂಥದಲ್ಲಿ ಬೆಳೆದವರು. ದಿನವೂ ಮನೆಮಂದಿಯೆಲ್ಲ ಕುಳಿತು ಓದಿ ಪ್ರಾರ್ಥಿಸುವುದು ಅವರಿಗೆ ಊಟದಷ್ಟೇ ಸಹಜವಾಗಿದ್ದಿತು. ಹೆರ್ನ್‌ಹೂಟಿನ ಕ್ರಮವನ್ನು ನಾನು ಗೌರವಿಸುತ್ತೇನೆ. ಆದರೂ 1,800 ವಚನಗಳ ಆ ಸಂಗ್ರಹವೂ ಮನುಷ್ಯರು ಆರಿಸಿದ್ದೇ. ಪ್ರಾರ್ಥನೆಗೆ ಒದಗದೆಂದು ತೋರಿದುದು ಅದರೊಳಗೆ ಹೋಗಿರಲಾರದು.

ಈ ಪುಸ್ತಕವನ್ನು ಬಿಡದೆ ಓದುತ್ತಿದ್ದವನೇ ಅದರ ಮಿತಿಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದ್ದಾನೆ. ಡೀಟ್ರಿಕ್ ಬೊನ್‌ಹೋಫರ್ 1939ರಲ್ಲಿ ಪ್ರಕಟಿಸಿದ ಕೂಡುಬಾಳಿನ ವಿಷಯದ ಚಿಕ್ಕ ಪುಸ್ತಕದಲ್ಲಿ, ದಿನವಾಕ್ಯಗಳು ಒಳ್ಳೆಯವೇ ಆದರೂ ಅವು ಶಾಸ್ತ್ರವನ್ನು ಓದುವುದಕ್ಕೆ ಬದಲಾಗಲಾರವು, ಕುಟುಂಬದ ಪ್ರಾರ್ಥನೆಯಲ್ಲಿ ಗ್ರಂಥಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತ ಹೋಗಬೇಕು ಎಂದು ವಾದಿಸಿದನು. ಅದೇ ವರ್ಷದ ಜೂನ್ ತಿಂಗಳಲ್ಲಿ ಅವನು ಅಮೆರಿಕದಲ್ಲಿದ್ದನು. ಹಿಟ್ಲರನ ಸೈನ್ಯಕ್ಕೆ ಸೇರಬೇಕಾದ ಸಂಕಟದಿಂದ ಅವನನ್ನು ಉಳಿಸಬೇಕೆಂದು ಸ್ನೇಹಿತರು ಕರೆಸಿಕೊಂಡಿದ್ದರು. ಅಲ್ಲಿ ದೊರೆತ ಕೆಲಸವನ್ನು 20ರಂದು ಬೇಡವೆಂದನು. 24ರ ದಿನವಾಕ್ಯ ಯೆಶಾಯನದು. ನಂಬುವವನು ಓಡಿಹೋಗನು ಎಂಬುದು ಜರ್ಮನ್ ಭಾಷಾಂತರದಲ್ಲಿ ಅದರ ಭಾವ. 26ರಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಭಾಗ ಕಣ್ಣಿಗೆ ಬಿತ್ತು: ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಮುದುಕನಾದ ಪೌಲನು ಸೆರೆಯಿಂದ ಬರೆದು ಕೇಳುವ ಮಾತು. ಅದನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಶಾಸ್ತ್ರವನ್ನು ದುರುಪಯೋಗಪಡಿಸಿದಂತಾಗದು ಎಂಬ ಅರ್ಥದ ಟಿಪ್ಪಣಿ ಅವನ ದಿನಚರಿಯಲ್ಲಿದೆ. ಜುಲೈ ತಿಂಗಳಲ್ಲಿ ಅವನು ಹಡಗು ಹತ್ತಿ ಹಿಂದಿರುಗಿದನು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗಿನ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ವಾಕ್ಯ ಬಂದು ಅವನನ್ನು ಹಿಂದಕ್ಕೆ ಕಳುಹಿಸಿತೆಂದು ಭಕ್ತಿಕಥೆಗಳಲ್ಲಿ ಹೇಳುವುದುಂಟು. ದಿನಾಂಕಗಳು ಹಾಗೆ ಹೇಳುವುದಿಲ್ಲ. ನಿರ್ಧಾರ ಮೊದಲು, ವಾಕ್ಯ ಆಮೇಲೆ. ಮಾಡಿದ ನಿರ್ಧಾರದಿಂದ ಜಾರದಂತೆ ಅದು ಅವನನ್ನು ಹಿಡಿದು ನಿಲ್ಲಿಸಿತು ಎನ್ನಬಹುದು. ಓಡಿಹೋಗಲು ಅನುಮತಿ ಕೊಡುವ ವಾಕ್ಯವೊಂದನ್ನು ಹುಡುಕಿದ್ದರೆ ಅದೂ ಸಿಗುತ್ತಿತ್ತು. ಯೇಸುವಿನ ತಂದೆತಾಯಿಗಳೇ ಈಜಿಪ್ತಿಗೆ ಓಡಿಹೋಗಲಿಲ್ಲವೆ?

ಇನ್ನು ನಿಜವಾಗಿ ಕಷ್ಟವಾದ ಸ್ಥಳಕ್ಕೆ ಬರುತ್ತೇನೆ. ಕೀರ್ತನೆಗಳಲ್ಲಿ ಕೆಲವು ಶಾಪಗಳಿವೆ. 137ನೆಯದು ಬಾಬೆಲಿನ ನದಿಗಳ ಬಳಿ ಕುಳಿತು ಅತ್ತವರ ಹಾಡು, ಎಲ್ಲರಿಗೂ ಪ್ರಿಯವಾದುದು. ಆದರೆ ಅದು ಮುಗಿಯುವುದು ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಹರಸಿ. 109ನೆಯದು ಒಬ್ಬನ ಹೆಂಡತಿ ವಿಧವೆಯಾಗಲಿ, ಮಕ್ಕಳು ಭಿಕ್ಷೆ ಬೇಡಲಿ ಎನ್ನುತ್ತದೆ. ಕ್ರಿಸ್ತನ ಶಿಷ್ಯರು ಇದನ್ನು ಪ್ರಾರ್ಥನೆಯೆಂದು ಹೇಳುವುದು ಹೇಗೆ? ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಆರಾಧನಾಗ್ರಂಥವನ್ನು ಸಿದ್ಧಪಡಿಸುವಾಗ, ಕ್ರೈಸ್ತ ಸಭೆಯ ಬಾಯಿಗೆ ತಕ್ಕುದಲ್ಲವೆಂದು ಅನೇಕ ಕೀರ್ತನೆಗಳನ್ನೂ ಕೀರ್ತನೆಗಳ ಭಾಗಗಳನ್ನೂ ತೆಗೆದುಬಿಟ್ಟನು. ರೋಮನ್ ಸಭೆಯ ನಿತ್ಯಪ್ರಾರ್ಥನೆಯ ಗ್ರಂಥ 1971ರಲ್ಲಿ ಪರಿಷ್ಕಾರವಾದಾಗ 58, 83, 109 ಈ ಮೂರನ್ನು ಪೂರ್ತಿಯಾಗಿಯೂ, ಬೇರೆ ಕೆಲವುಗಳ ವಚನಗಳನ್ನೂ ಬಿಟ್ಟರು. ಬಿಟ್ಟವರು ಸಾಮಾನ್ಯರಲ್ಲ, ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಅವರ ಪಕ್ಷಕ್ಕೆ ಒಂದು ಬಲವಾದ ಆಧಾರವನ್ನೂ ನಾನೇ ಒದಗಿಸಬಲ್ಲೆ. ನಜರೇತಿನ ಸಭಾಮಂದಿರದಲ್ಲಿ ಯೇಸುವಿನ ಕೈಗೆ ಯೆಶಾಯನ ಸುರುಳಿಯನ್ನು ಕೊಟ್ಟಾಗ ಆತನು ಓದಿದ್ದು 61ನೆಯ ಅಧ್ಯಾಯವನ್ನು. ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಕರ್ತನು ಮೆಚ್ಚುವ ಕಾಲ. ಅಷ್ಟಕ್ಕೆ ಸುರುಳಿಯನ್ನು ಸುತ್ತಿ ಕೊಟ್ಟು ಕುಳಿತನು. ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಮುಂದಿನ ಮಾತು ದೇವರು ಮುಯ್ಯಿ ತೀರಿಸುವ ದಿನದ್ದು.

ಹಾಗಾದರೆ ಯೇಸುವೇ ಕತ್ತರಿಸಿ ಓದಿದನಲ್ಲವೆ? ಹೌದು. ಆದರೆ ಅಲ್ಲಿ ಕುಳಿತವರಿಗೆ ಮುಂದಿನ ಮಾತು ಬಾಯಿಪಾಠವಾಗಿದ್ದಿರಬೇಕು. ನಿಲ್ಲಿಸಿದ್ದು ಎಲ್ಲಿ ಎಂಬುದು ಗೊತ್ತಾದುದರಿಂದಲೇ ನಿಲ್ಲಿಸಿದ್ದಕ್ಕೆ ಅರ್ಥವುಂಟಾಯಿತು. ಮುಯ್ಯಿಯ ಮಾತನ್ನು ಪುಸ್ತಕದಿಂದಲೇ ಕಿತ್ತುಹಾಕಿದ್ದರೆ ಆ ಮೌನವನ್ನು ಯಾರು ತಾನೆ ಕೇಳುತ್ತಿದ್ದರು? ಶಾಪದ ಕೀರ್ತನೆಗಳನ್ನು ಒಮ್ಮೆಯೂ ಕೇಳದೆ ಬೆಳೆದ ಸಭೆಗೆ, ಶತ್ರುಗಳನ್ನು ಪ್ರೀತಿಸಿರಿ ಎಂಬ ಬೋಧೆ ಎಷ್ಟು ದುಬಾರಿಯದೆಂದು ತಿಳಿಯುವುದು ಹೇಗೆ? ಮನಸ್ಸಿನೊಳಗಿನ ಶಾಪವಂತೂ ಪುಸ್ತಕವನ್ನು ಕತ್ತರಿಸಿದ ಮಾತ್ರಕ್ಕೆ ಹೋಗುವುದಿಲ್ಲ. 1937ರ ಜುಲೈ 11ರಂದು ಬೊನ್‌ಹೋಫರ್ ತನ್ನ ಶಿಷ್ಯರಿಗೆ ಉಪದೇಶ ಮಾಡಲು ತೆಗೆದುಕೊಂಡದ್ದು 58ನೆಯ ಕೀರ್ತನೆಯನ್ನು. ಹತ್ತು ದಿನ ಮುಂಚೆ ನೀಮೋಲರ್ ಬಂಧಿತನಾಗಿದ್ದನು. ಅನ್ಯಾಯದ ನ್ಯಾಯಾಧಿಪತಿಗಳ ಹಲ್ಲು ಮುರಿಯಲೆಂದು ದೇವರನ್ನು ಕೇಳುವ ಕೀರ್ತನೆ ಅದು. ಮುಯ್ಯಿಯನ್ನು ದೇವರಿಗೆ ಒಪ್ಪಿಸಿಬಿಟ್ಟವನು ತಾನು ಕೈಯೆತ್ತುವುದನ್ನು ಬಿಟ್ಟುಕೊಟ್ಟಂತೆಯೇ ಎಂಬುದು ಅವನ ವಿವರಣೆಯ ಒಂದು ಎಳೆ. ಮುಂದೆ 1971ರಲ್ಲಿ ಬಿಟ್ಟ ಮೂರರಲ್ಲಿ ಇದೂ ಒಂದು. ಹಿಂಸೆಗೆ ಒಳಗಾದವರಿಗೆ ಬೇಕಾದ ಕೀರ್ತನೆ ನೆಮ್ಮದಿಯಾಗಿರುವವರಿಗೆ ಒರಟಾಗಿ ಕಂಡಿತು.

ಕ್ರಾನ್ಮರನ ಮೂವತ್ತು ದಿನಗಳ ಕ್ರಮವನ್ನು ನಾನು ಬಹಳ ವರ್ಷಗಳಿಂದ ಕನ್ನಡ ಸತ್ಯವೇದದಲ್ಲಿ ಅನುಸರಿಸುತ್ತಿದ್ದೇನೆ. 31 ದಿನಗಳ ತಿಂಗಳಾದರೆ ಕಡೆಯ ದಿನಕ್ಕೆ ಹಿಂದಿನ ದಿನದ್ದೇ ಮತ್ತೊಮ್ಮೆ. ನಮ್ಮ ಅಣ್ಣ ತೀರಿಕೊಂಡ ತಿಂಗಳಲ್ಲಿ ನಾನು ಅತ್ತಿಗೆಯವರ ಮನೆಯಲ್ಲಿದ್ದೆನು. ಮಾತಾಡಿಸಲು ಬಂದವರೆಲ್ಲ ಪುನರುತ್ಥಾನದ, ಆದರಣೆಯ ವಚನಗಳನ್ನು ಹೇಳಿ ಹೋದರು. ಪಾಪ, ಅವರ ಮನಸ್ಸು ಒಳ್ಳೆಯದು. ಅತ್ತಿಗೆಯವರು ಎಲ್ಲರಿಗೂ ತಲೆಯಾಡಿಸುತ್ತಿದ್ದರು. 17ನೆಯ ತಾರೀಖು ಬೆಳಿಗ್ಗೆಯ ಪಾಲು 86, 87, 88. ಈ 88ನೆಯದು ಇಡೀ ಪುಸ್ತಕದಲ್ಲಿ ಬಹುಶಃ ಅತ್ಯಂತ ಕತ್ತಲೆಯ ಕೀರ್ತನೆ. ಬೇರೆ ಮೊರೆಗಳು ಕೊನೆಗೆ ಎಲ್ಲಿಯಾದರೂ ಸ್ತುತಿಯ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಪ್ರಿಯರೂ ಸ್ನೇಹಿತರೂ ದೂರವಾದರು, ಉಳಿದದ್ದು ಕತ್ತಲೆ ಎಂಬಲ್ಲಿಗೆ ನಿಂತುಬಿಡುತ್ತದೆ. ಆರಿಸುವ ಅಧಿಕಾರ ನನಗಿದ್ದಿದ್ದರೆ ಆ ಮನೆಯಲ್ಲಿ ಆ ದಿನ ಅದನ್ನು ನಾನು ಓದುತ್ತಿರಲಿಲ್ಲ. ಓದಿ ಮುಗಿಸಿದಾಗ ಅತ್ತಿಗೆಯವರು, “ಇದು ನಮ್ಮ ಪುಸ್ತಕದಲ್ಲಿಯೇ ಇದೆಯೇನಪ್ಪಾ?” ಎಂದು ಕೇಳಿದರು. ಎಳೆವಯಸ್ಸಿನಿಂದ ಒಂದು ಭಾನುವಾರವೂ ಆರಾಧನೆ ತಪ್ಪಿಸದವರು ಅವರು. ಪುಸ್ತಕವನ್ನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ತಾವೇ ಮತ್ತೊಮ್ಮೆ ಮೊದಲಿಂದ ಓದಿದರು.

ಹಾಸಿಗೆ ಹಿಡಿದವರಿಗೆ, ಬಹು ದಣಿದವರಿಗೆ ಯಾಜಕಕಾಂಡವನ್ನು ಓದಿ ಹೇಳಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಅಂಥ ಕಡೆ 23ನೆಯ ಕೀರ್ತನೆ ಸಾಕು. ನೂರು ಬಾರಿ ಓದಿದರೂ ಸಾಕು. ಮಕ್ಕಳಿರುವ ಮನೆಯಲ್ಲಿ 137ರ ಕೊನೆಯ ವಚನವನ್ನು ಓದಬೇಕೆ ಎಂದು ಕೇಳುತ್ತಾರೆ. ಓದಬೇಕು, ಓದಿದ ಮೇಲೆ ಮಗು ಪ್ರಶ್ನೆ ಕೇಳಿದರೆ ಪುಸ್ತಕ ಮುಚ್ಚಿ ಎದ್ದುಹೋಗದೆ ಕುಳಿತು ಉತ್ತರ ಹೇಳಬೇಕು. ಯುದ್ಧದ ಸುದ್ದಿಯಲ್ಲಿ ಸತ್ತ ಕೂಸುಗಳ ಚಿತ್ರವನ್ನು ಅದೇ ಮಗು ಅದೇ ಮನೆಯಲ್ಲಿ ನೋಡುತ್ತಿದೆ. ಅದರ ವಿಷಯವಾಗಿ ದೇವರೊಡನೆ ಮಾತಾಡುವುದಕ್ಕೆ ಸ್ಥಳವಿದೆಯೆಂದು ಅದಕ್ಕೆ ತಿಳಿಯುವುದು ಇನ್ನೆಲ್ಲಿ?

ನಮ್ಮ ಸಭಾಪಾಲಕರಲ್ಲಿ ನನ್ನ ಬಿನ್ನಹ ಚಿಕ್ಕದು. ಡಿಸೆಂಬರಿನ ತಟ್ಟೆಯನ್ನು ಎತ್ತಿಹಾಕಿರೆಂದು ನಾನು ಕೇಳುತ್ತಿಲ್ಲ. ಕೇಳಿದರೂ ನಡೆಯುವ ಮಾತಲ್ಲ. ಚೀಟಿಯ ಹಿಂಬದಿ ಖಾಲಿಯಿರುತ್ತದೆ. ಅಲ್ಲಿ ಆ ವಚನ ಬಂದ ಅಧ್ಯಾಯದ ಸಂಖ್ಯೆಯನ್ನು ಅಚ್ಚುಮಾಡಿಸಿ, ಜನವರಿಯ ಮೊದಲ ವಾರದಲ್ಲಿ ಆ ಅಧ್ಯಾಯವನ್ನು ಮನೆಮಂದಿಯೆಲ್ಲ ಕುಳಿತು ಪೂರ್ತಿ ಓದತಕ್ಕದ್ದೆಂದು ಒಂದು ಸಾಲು ಸೇರಿಸಲಿ. ಅಚ್ಚುಕೂಟದವನಿಗೆ ಅದರಿಂದ ಬೀಳುವ ಹೆಚ್ಚಿನ ಖರ್ಚು ಸ್ವಲ್ಪವೇ. ಯೆರೆಮೀಯನ ಚೀಟಿ ಬಂದವರು ಮಾತ್ರ ಎಪ್ಪತ್ತು ವರ್ಷದ ಲೆಕ್ಕಕ್ಕೆ ಸ್ವಲ್ಪ ಸಿದ್ಧವಾಗಿ ಕುಳಿತುಕೊಳ್ಳಬೇಕಾದೀತು.